ಕೊಡೆ ಕಡ್ಡಿಯ ಕೊಕ್ಕೆ

ಖೇಮಾಭಾಯಿ ಮೂವತ್ತೆರಡು ವರ್ಷ ಒಂದೇ ಮಿಲ್ಲಿನಲ್ಲಿ ದುಡಿದ. ಅದರಲ್ಲಿ ಮಗ್ಗದ ಮುಂದೆ ನಿಂತದ್ದು ಆರೇ ಆರು ದಿನ. ಉಳಿದ ಆಯುಷ್ಯವೆಲ್ಲ ನೂಲುವ ಖಾತೆಯಲ್ಲಿ ಹತ್ತಿಯ ಧೂಳು ನುಂಗುವುದರಲ್ಲಿ ಕಳೆಯಿತು. ಹಾಗೆಂದು ಅವನಿಗೆ ನೇಯ್ಗೆ ಬರುತ್ತಿರಲಿಲ್ಲ ಎಂದಲ್ಲ. ಆ ಮಿಲ್ಲಿನ ಐನೂರು ಮಗ್ಗಗಳನ್ನು ನಡೆಸುತ್ತಿದ್ದವರಲ್ಲಿ ಹುಟ್ಟು ನೇಕಾರರು ಬೆರಳೆಣಿಕೆಯಷ್ಟು ಮಂದಿ. ಹೆಚ್ಚಿನವರು ಹೊಲ ಬಿಟ್ಟು ಬಂದ ಪಟೇಲರೆಂಬ ಒಕ್ಕಲು ಜಾತಿಯವರು, ನೇಗಿಲು ಹಿಡಿದ ಕೈಯಲ್ಲಿ ಲಾಳಿ ಹಿಡಿದವರು. ಏಳು ತಲೆಮಾರಿನಿಂದ ನೇಯ್ದವರ ಮಗ ಮಾತ್ರ ಗೋಡೆಯಾಚೆ ನೂಲುತ್ತಿದ್ದ. ಅಹಮದಾಬಾದಿನಲ್ಲಿ ಇದು ಯಾರ ಕಣ್ಣಿಗೂ ವಿಚಿತ್ರವಾಗಿ ಕಾಣಲಿಲ್ಲವಲ್ಲ, ಅದೇ ದೊಡ್ಡ ವಿಚಿತ್ರ.

ಅವನ ಊರು ಧೋಳಕಾ ಕಡೆಯ ಒಂದು ಹಳ್ಳಿ. ನೇಯ್ಗೆಯೇ ಕುಲಕಸುಬಾದ, ಯಾರೂ ಮುಟ್ಟದ ಜಾತಿಯ ವಣಕರರ ಕೇರಿ ಎಂದಿನಂತೆ ಊರ ಹೊರಗೆ. ಅಪ್ಪ ನೆಲದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತು ದಪ್ಪ ಹೊದಿಕೆ ನೇಯುತ್ತಿದ್ದ. ನೇಯ್ದದ್ದನ್ನು ಒಯ್ದು ಪಟೇಲರ ಜಗುಲಿಯ ಕೆಳಗೆ ಇಟ್ಟರೆ, ಮನೆಯ ಹೆಂಗಸು ಚೊಂಬಿನಿಂದ ನಾಲ್ಕು ಹನಿ ನೀರು ಚಿಮುಕಿಸಿ ಆಮೇಲೆ ಒಳಗೆ ಒಯ್ಯುತ್ತಿದ್ದಳು. ನೀರು ಬಿದ್ದರೆ ಬಟ್ಟೆ ಶುದ್ಧ. ನೇಯ್ದವನು ಮಾತ್ರ ಎಷ್ಟು ನೆನೆದರೂ ಅಲ್ಲೇ. ಅಪ್ಪನಿಗೆ ಅದರ ಬಗ್ಗೆ ಸಿಟ್ಟಿರಲಿಲ್ಲ. ನಾಲ್ಕು ಹನಿ ನೀರಿಗೆ ಬಟ್ಟೆಯೇನೂ ಕರಗುವುದಿಲ್ಲ ಎಂದು ನಗುತ್ತಿದ್ದ. ಅವನಿಗೆ ಸಿಟ್ಟು ಬಂದದ್ದು ಒಂದೇ ಸಲ. ಸೂರು ಸೋರಿ ಮರದ ಲಾಳಿ ನೆನೆದಿತ್ತು, ಅದನ್ನು ಖೇಮಾ ಒರೆಸಿ ಮಗ್ಗಕ್ಕೆ ಹಾಕಿಬಿಟ್ಟಿದ್ದ. ಲಾಳಿ ಅರ್ಧ ದಾರಿಯಲ್ಲಿ ನಿಂತು ಹಾಸಿನ ನೂಲು ಹರಿಯಿತು. ಅಪ್ಪ ಬೆನ್ನಿಗೆರಡು ಕೊಟ್ಟು, ನೀರು ಕುಡಿದ ಲಾಳಿ ಉಬ್ಬುತ್ತದೆ, ತೂಕ ಬರುತ್ತದೆ, ನೆರಳಲ್ಲಿ ಎಂಟು ದಿನ ಆರದೆ ಅದನ್ನು ಮುಟ್ಟಬಾರದು ಎಂದು ಪಾಠ ಹೇಳಿದ.

ಮಿಲ್ಲಿನ ಬಟ್ಟೆ ಹಳ್ಳಿಗೆ ಬಂದಮೇಲೆ ಅಪ್ಪನ ಹೊದಿಕೆ ಕೇಳುವವರಿಲ್ಲವಾಯಿತು. ಹದಿನೆಂಟರ ಖೇಮಾ ಹೊಟ್ಟೆಪಾಡಿಗೆ ಅದೇ ಮಿಲ್ಲಿನ ಬಾಗಿಲಿಗೆ ಬಂದು ನಿಂತ. ಯಾವ ಕೆಲಸ ಬರುತ್ತದೆ ಎಂದು ಆಳುಗಳನ್ನು ಆರಿಸುವ ಮುಕದ್ದಮ ಕೇಳಿದ. ನೇಯ್ಗೆ ಎಂದ ಖೇಮಾ. ಯಾವ ಜನ ಎಂದು ಕೇಳಿದ. ವಣಕರ ಎಂದ. ಸಾಲಿನಲ್ಲಿ ನಿಂತವರೆಲ್ಲ ಗೊಳ್ಳೆಂದು ನಕ್ಕರು. ಮುಕದ್ದಮ ಅವನನ್ನು ನೂಲುವ ಖಾತೆಗೆ ಕಳಿಸಿದ.

ನಕ್ಕದ್ದೇಕೆಂದು ಅವನಿಗೆ ತಿಳಿದದ್ದು ವಾರದ ಮೇಲೆ, ನೂಲು ಸುತ್ತಿದ ಕಂಡಿಕೆಗಳ ಬುಟ್ಟಿ ಹೊತ್ತು ನೇಯ್ಗೆ ಖಾತೆಯ ಹೊಸಿಲವರೆಗೆ ಹೋದಾಗ. ಮಿಲ್ಲಿನ ಲಾಳಿಗೆ ಪಕ್ಕದಲ್ಲೊಂದು ಸಣ್ಣ ತೂತು. ಹೊಸ ಕಂಡಿಕೆ ಹಾಕಿದಾಗಲೆಲ್ಲ ನೂಲಿನ ತುದಿ ಆ ತೂತಿನಿಂದ ಹೊರಗೆ ಬರಬೇಕು. ನೇಕಾರ ಲಾಳಿಯನ್ನು ತುಟಿಗಿಟ್ಟು ಒಮ್ಮೆ ಉಸಿರೆಳೆಯುತ್ತಾನೆ, ನೂಲು ಬಾಯಿಗೆ ಬರುತ್ತದೆ. ದಿನಕ್ಕೆ ಮುನ್ನೂರು ಸಲ ಹೀಗೆ. ಪಾಳಿ ಬದಲಾದರೆ ಅದೇ ಲಾಳಿ ಇನ್ನೊಬ್ಬನ ಬಾಯಿಗೆ. ಒಬ್ಬರ ಮನೆಯಲ್ಲಿ ಒಬ್ಬರು ನೀರು ಮುಟ್ಟದ ಪಟೇಲರೂ ಮುಸಲ್ಮಾನರೂ ಇದನ್ನು ಹೇಗೋ ಹೊಟ್ಟೆಗೆ ಹಾಕಿಕೊಂಡಿದ್ದರು. ನೀರಿನ ಮಡಕೆ ಮಾತ್ರ ಬೇರೆ ಬೇರೆ. ಆದರೆ ವಣಕರನ ಬಾಯಿ ತಾಗಿದ ಲಾಳಿ ಎಂದರೆ ಇಬ್ಬರೂ ಒಂದೇ ದನಿಯಲ್ಲಿ ಥೂ ಎನ್ನುವವರು. ಅದೊಂದರಲ್ಲಿ ಅವರ ಒಗ್ಗಟ್ಟು ನೋಡುವಂತಿತ್ತು.

ಹಾಗಾಗಿ ಖೇಮಾ ನೂಲುವ ಖಾತೆಯಲ್ಲೇ ಉಳಿದ. ಮೋಂಘಿಯನ್ನು ಮದುವೆಯಾದ, ರತನ್ ಎಂಬ ಮಗಳು ಹುಟ್ಟಿದಳು, ಗೋಮತಿಪುರದ ಚಾಳಿನಲ್ಲಿ ಹತ್ತಡಿಯ ಕೋಣೆ ಹಿಡಿದ. ಖೇಮಾ ಹೋಗಿ ಖೇಮಾಭಾಯಿ ಆದ. ಕಂಡಿಕೆಯ ಬುಟ್ಟಿ ಇಳಿಸುವ ನೆಪದಲ್ಲಿ ದಿನಾ ಹೊಸಿಲ ಮೇಲೆ ಒಂದು ನಿಮಿಷ ಹೆಚ್ಚಿಗೆ ನಿಲ್ಲುವ ಅಭ್ಯಾಸ ಮಾತ್ರ ಬಿಡಲಿಲ್ಲ. ಅಷ್ಟು ಮಗ್ಗಗಳ ಸದ್ದಿನಲ್ಲೂ ಯಾವುದು ಸರಿಯಾಗಿ ಓಡುತ್ತಿದೆ, ಯಾವುದು ಇನ್ನರ್ಧ ಗಂಟೆಯಲ್ಲಿ ಕೈ ಕೊಡುತ್ತದೆ ಎಂದು ಅವನ ಕಿವಿಗೆ ತಿಳಿಯುತ್ತಿತ್ತು. ತಿಳಿದು ಮಾಡುವುದೇನು, ಖಾಲಿ ಬುಟ್ಟಿ ಎತ್ತಿಕೊಂಡು ಹಿಂದಿರುಗುತ್ತಿದ್ದ, ಅಷ್ಟೇ.

ಕೊಕ್ಕೆಯ ಯೋಚನೆ ಬಂದದ್ದು ಗುಲಾಮ್ ನಬಿಯ ಕೆಮ್ಮಿನಿಂದ. ಗುಲಾಮ್ ನಬಿ ನೇಯ್ಗೆ ಖಾತೆಯ ಹಳೇ ಕೈ, ಅವನೂ ಹುಟ್ಟು ನೇಕಾರನೇ, ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು. ಹಗಲಿಡೀ ನೂಲಿನ ಜೊತೆ ನಯವಾದ ಹತ್ತಿಯ ಜುಂಗನ್ನೂ ಎಳೆದುಕೊಂಡು ಅವನ ಎದೆ ಗೂರುತ್ತಿತ್ತು. ಮಿಲ್ಲಿನ ಮುಂದಿನ ಚಹಾ ಅಂಗಡಿಯಲ್ಲಿ ಅವನು ಬೆಂಚಿನ ಮೇಲೆ, ಖೇಮಾಭಾಯಿ ತನ್ನ ಕಪ್ಪು ಹಿಡಿದು ಮಣ್ಣಿನ ಮೇಲೆ, ಕೂತು ಮಾತಾಡುವುದಿತ್ತು. ಬಾಯಿಯೇ ಇಲ್ಲದೆ ನೂಲೆಳೆದರೆ ಹೇಗೆ ಎಂದು ಖೇಮಾಭಾಯಿ ಕೇಳಿದ. ನಿನಗೆ ಹುಚ್ಚು ಎಂದ ಉಸ್ತಾದ್.

ಖೇಮಾಭಾಯಿ ಗುಜರಿಯಿಂದ ಸೀಳಿದ ಲಾಳಿಯೊಂದನ್ನು ತಂದ. ಮನೆಯ ಕೊಡೆಯ ಒಂದು ಕಡ್ಡಿ ಮುರಿದು, ತುದಿಯನ್ನು ಕಲ್ಲಿಗೆ ತೇದು, ಬಗ್ಗಿಸಿ, ಮತ್ತೆ ನೆಟ್ಟಗೆ ಮಾಡಿ, ಮತ್ತೆ ಬಗ್ಗಿಸಿ ಎರಡು ತಿಂಗಳು ಅದರ ಬೆನ್ನು ಬಿದ್ದ. ಬಾಗು ಬಲಕ್ಕಿದ್ದರೆ ನೂಲು ಸಿಕ್ಕಿ ಹರಿಯುತ್ತದೆ, ಎಡಕ್ಕೆ ಒಂದು ಜೋಳದ ಕಾಳಿನಷ್ಟು ವಾಲಿದ್ದರೆ ಸರಾಗ ಬರುತ್ತದೆ ಎಂಬುದು ಅವನಿಗೆ ಹೊಳೆಯುವ ಹೊತ್ತಿಗೆ ಮೂರು ಕಡ್ಡಿ ಹೋಗಿದ್ದವು.

"ರತನ್ ಅಪ್ಪ, ಮಳೆಗಾಲಕ್ಕೆ ಇನ್ನೆಷ್ಟು ದಿನ ಇದೆ ಗೊತ್ತಾ?" ಎಂದಳು ಮೋಂಘಿ. "ಈ ಕೊಕ್ಕೆ ತಲೆ ಮೇಲೆ ಹಿಡ್ಕೊಂಡು ಮಿಲ್ಲಿಗೆ ಹೋಗ್ತೀರಾ?"

ಕೊನೆಗೆ ಒಂದು ಕೊಕ್ಕೆ ಸರಿಯಾಯಿತು. ತೂತಿನೊಳಗೆ ತೂರಿಸಿ ಎಳೆದರೆ ಉಸಿರೆಳೆಯುವಷ್ಟೇ ಹೊತ್ತಿಗೆ ನೂಲು ಹೊರಗೆ. ಉಸ್ತಾದ್ ಒಂದು ತಿಂಗಳು ಅದನ್ನು ಗುಟ್ಟಾಗಿ ಬಳಸಿ ನೋಡಿದ. ಕೆಮ್ಮು ಹೋಗಲಿಲ್ಲ, ಬಾಯಿಗೆ ಜುಂಗು ತುಂಬುವುದು ನಿಂತಿತು. ಆಗ ಅವನೇ ನೇಯ್ಗೆ ಮಾಸ್ಟರ್ ಫರ್ದೂನ್‌ಜಿಗೆ ತೋರಿಸಿ, ಇದು ಯಾರ ಕೈಕೆಲಸ ಎಂದೂ ಹೇಳಿದ. ಫರ್ದೂನ್‌ಜಿ ಪಾರ್ಸಿ. ಅವನಿಗೆ ಈ ಮಡಿ ಮೈಲಿಗೆಯ ಗೊಡವೆ ಇರಲಿಲ್ಲ, ಬಟ್ಟೆಯ ಗೊಡವೆ ಇತ್ತು. ಅದು ಯುದ್ಧದ ಎರಡನೇ ವರ್ಷ. ಖಾಕಿ ಬಟ್ಟೆಗೆ ಬೇಡಿಕೆಯೋ ಬೇಡಿಕೆ, ಇತ್ತ ಮದುವೆಗಳ ಕಾಲ ಬಂದು ನೇಕಾರರು ಒಬ್ಬೊಬ್ಬರಾಗಿ ಊರಿಗೆ ಹೊರಟಿದ್ದರು. ಅಂಬಾಲಾಲ್ ಎಂಬ ಪಟೇಲ ತಮ್ಮನ ಮದುವೆಗೆಂದು ಒಂದು ವಾರ ರಜೆ ಹಾಕಿದ. ಅವನ ಎರಡು ಮಗ್ಗಕ್ಕೆ ಬದಲಿ ಯಾರೂ ಸಿಗಲಿಲ್ಲ. ಫರ್ದೂನ್‌ಜಿ ಖೇಮಾಭಾಯಿಯನ್ನು ಕರೆಸಿದ.

ಖಾತೆಯಲ್ಲಿ ಗುಸುಗುಸು ಎದ್ದಿತು. ಲಾಳಿಗೆ ಅವನು ಬಾಯಿಡುವುದೇ ಇಲ್ಲ, ಇನ್ನು ನಿಮಗೇನು ನೋವು ಎಂದು ಫರ್ದೂನ್‌ಜಿ ಕೇಳಿದ. ಅಕ್ಕಪಕ್ಕದವರು ಮಡಕೆಗೆ ಮುಚ್ಚಳ ಹಾಕಿ, ಅವನಿಗೆ ತಾಗದಂತೆ ಅಂಗಿ ಒತ್ತಿ ಹಿಡಿದು ಓಡಾಡಿದರು. ಖೇಮಾಭಾಯಿಗೆ ಅದರ ಪರಿವೆಯೇ ಇರಲಿಲ್ಲ. ಅವನು ಸುಖವಾಗಿದ್ದ. ಈ ಮಾತನ್ನು ಸುತ್ತಿ ಬಳಸಿ ಹೇಳಬೇಕಾಗಿಲ್ಲ, ಆ ಆರು ದಿನ ಅವನು ಜೀವಮಾನದಲ್ಲೇ ಕಾಣದಷ್ಟು ಸುಖವಾಗಿದ್ದ. ಹಾಸು ಹರಿದರೆ ಕಣ್ಣು ಹಾಯುವ ಮೊದಲೇ ಬೆರಳು ಹೋಗಿ ಗಂಟು ಹಾಕುತ್ತಿತ್ತು. ಊಟದ ಬಿಡುವಿನಲ್ಲಿ ಹೊರಗಿನ ನಲ್ಲಿಗೆ ಹೋಗಿ ನೀರು ಕುಡಿದು, ಸಜ್ಜೆ ರೊಟ್ಟಿಯನ್ನು ನಿಂತೇ ಮುರಿದು ತಿಂದು ಓಡಿ ಬರುತ್ತಿದ್ದ. ಶನಿವಾರ ಬಟ್ಟೆ ತಪಾಸಣೆ ಮಾಡುವವನು ಅವನ ತಾನುಗಳನ್ನು ಮೇಜಿನ ಮೇಲೆ ಎಳೆದು ಎಳೆದು ನೋಡಿದ. ಒಂದು ಕಡೆಯೂ ದೋಷವೆಂದು ಸೀಮೆಸುಣ್ಣದ ಗುರುತು ಹಾಕಲಿಲ್ಲ.

ಸೋಮವಾರ ಬದಲಿ ನೇಕಾರರ ಪಟ್ಟಿಯಲ್ಲಿ ಹೆಸರು ಬರೆಯುತ್ತೇನೆ ಎಂದ ಫರ್ದೂನ್‌ಜಿ. ಪಟ್ಟಿಗೆ ಹೆಸರು ಬಂದರೆ ಮುಂದೆ ಯಾರು ರಜೆ ಹಾಕಿದರೂ ಮಗ್ಗ ಸಿಗುತ್ತದೆ, ವರ್ಷ ಎರಡು ವರ್ಷದಲ್ಲಿ ಕಾಯಂ. ಭಾನುವಾರವೆಲ್ಲ ಖೇಮಾಭಾಯಿ ಚಾಳಿನಲ್ಲಿ ಕಂಡಕಂಡವರಿಗೆ ಇದನ್ನೇ ಹೇಳಿದ. ಸಾಕು, ಬಾಯಿ ಮುಚ್ಚಿ, ದೃಷ್ಟಿಯಾದೀತು ಎಂದು ಮೋಂಘಿ ಗದರಿದಳು. ಹಾಗೆ ಗದರಿಸಿ ತಾನೇ ನಲ್ಲಿಯ ಹತ್ತಿರ ಹೋಗಿ ನಾಲ್ಕು ಹೆಂಗಸರಿಗೆ ಹೇಳಿ ಬಂದಳು.

ಅಂಬಾಲಾಲ್ ಶನಿವಾರ ಸಂಜೆಯೇ ಊರಿನಿಂದ ಬಂದಿದ್ದ. ಮದುವೆಯ ಸಿಹಿ ಹಂಚಲೆಂದು ಮಿಲ್ಲಿಗೆ ಬಂದವನಿಗೆ ತನ್ನ ಮಗ್ಗದಲ್ಲಿ ಯಾರು ನಿಂತಿದ್ದರೆಂದು ಗೊತ್ತಾಯಿತು. ಬಾಯಿಟ್ಟಿಲ್ಲ, ಕೊಕ್ಕೆ ಹಾಕಿದ್ದಾನೆ ಎಂದು ಉಸ್ತಾದ್ ಹೇಳಿದ. ಕೈಯಂತೂ ಹಾಕಿದ್ದಾನಲ್ಲ ಎಂದ ಅಂಬಾಲಾಲ್. ಊರಿನಲ್ಲಿ ಅವನ ಅವ್ವ ಹೊದಿಕೆಗೆ ನೀರು ಚಿಮುಕಿಸಿದ್ದನ್ನು ನೋಡಿಯೇ ಬೆಳೆದವನು. ಎರಡು ಮಗ್ಗದ ನಾಲ್ಕೂ ಲಾಳಿಗಳನ್ನು ಒಂದು ಬಕೆಟ್ ನೀರಿಗೆ ಹಾಕಿ, ತುಳಸಿ ಎಲೆ ಬಿಟ್ಟು, ಮೂಲೆಗಿಟ್ಟು ಹೋದ. ನಾಲ್ಕು ಹನಿ ಸಾಲದು ಎನ್ನಿಸಿತೇನೋ. ಶನಿವಾರ ಸಂಜೆಯಿಂದ ಸೋಮವಾರ ಬೆಳಗಿನವರೆಗೆ ನೆನೆಹಾಕಿದರೆ ಕಡಲೆಗೂ ಮೊಳಕೆ ಬರುತ್ತದೆ. ಅವನು ಮಾತ್ರ ಸೋಮವಾರ ಬಂದು, ಬಟ್ಟೆಯಲ್ಲಿ ಒರೆಸಿ, ಶುದ್ಧವಾಯಿತೆಂದು ಮಗ್ಗಕ್ಕೆ ಹಾಕಿದ.

ಅರ್ಧ ಗಂಟೆಯಾಗಿರಲಿಲ್ಲ. ಉಬ್ಬಿದ ಲಾಳಿ ತನ್ನ ಗೂಡಿನಲ್ಲಿ ಬಿಗಿದು, ಹೊರಟದ್ದು ಹಾಸಿನ ನಡುವೆ ನಿಂತುಬಿಟ್ಟಿತು. ಮಗ್ಗ ಅದರ ಮೇಲೇ ಬಡಿಯಿತು. ನಾನೂರು ಎಳೆ ಒಟ್ಟಿಗೆ ಹರಿದು ಖಾಕಿ ಹಾಸು ಕೆದರಿದ ತಲೆಯಂತಾಯಿತು. ಅದನ್ನು ಎತ್ತಿ ಕಟ್ಟಲು ಎರಡು ದಿನದ ಕೆಲಸ. ಕೊಕ್ಕೆಯ ತಂತಿಯಿಂದ ಲಾಳಿಯ ತೂತು ಗೀರಿಹೋಗಿದೆ, ನೂಲು ಸಿಕ್ಕಿಕೊಂಡಿದೆ, ಎಲ್ಲ ಆ ವಣಕರನ ಕೆಲಸ ಎಂದು ಅಂಬಾಲಾಲ್ ಕೂಗಾಡಿದ. ಅಕ್ಕಪಕ್ಕದ ಮಗ್ಗಗಳು ನಿಂತವು. ನೋಡನೋಡುತ್ತ ಇಡೀ ಖಾತೆ ನಿಂತಿತು.

ಫರ್ದೂನ್‌ಜಿ ಖೇಮಾಭಾಯಿಯನ್ನು ಕರೆಸಿದ. ಸದ್ದಿಲ್ಲದ ನೇಯ್ಗೆ ಖಾತೆಯನ್ನು ಅವನು ಕಂಡದ್ದು ಅದೇ ಮೊದಲು. ಮಾಸ್ಟರ್ ಕೊಟ್ಟ ಲಾಳಿಯನ್ನು ಅಂಗೈಯಲ್ಲಿ ತೂಗಿ ನೋಡಿದ. ನೋಡುತ್ತಲೇ ಬೆನ್ನ ಮೇಲೆ ಅಪ್ಪನ ಪೆಟ್ಟು ನೆನಪಾಯಿತು. ತೂತಿನ ಅಂಚಿನ ಮೇಲೆ ಉಗುರಾಡಿಸಿದ, ಒಂದು ಗೀರೂ ಇರಲಿಲ್ಲ.

"ಸಾಹೇಬ್, ಇದು ತೂತಿನ ತೊಂದರೆ ಅಲ್ಲ," ಎಂದ. "ಈ ಲಾಳಿ ನೀರು ಕುಡಿದಿದೆ. ಬೇರೆ ಲಾಳಿ ಇನ್ನೊಂದು ಕೈಯಲ್ಲಿ ಹಿಡಿದು ನೋಡಿ."

ಫರ್ದೂನ್‌ಜಿ ಎರಡು ಕೈಯಲ್ಲಿ ಎರಡನ್ನೂ ಹಿಡಿದು ನೋಡಿದ. ಅವನಿಗೆ ಅರ್ಥವಾಯಿತು. ಲಾಳಿಯನ್ನು ನೀರಿಗೆ ಹಾಕಿದವರು ಯಾರು ಎಂದು ಕೇಳಿದ. ಬಕೆಟ್ ಇನ್ನೂ ಮೂಲೆಯಲ್ಲೇ ಇತ್ತು, ತುಳಸಿ ಎಲೆ ತೇಲುತ್ತಿತ್ತು. ಶನಿವಾರ ಕಣ್ಣಾರೆ ಕಂಡಿದ್ದ ಗುಲಾಮ್ ನಬಿ, ಕತ್ತರಿಗೆ ಸುತ್ತಿಕೊಂಡ ನೂಲು ಬಿಡಿಸುವ ಕೆಲಸ ಹಚ್ಚಿಕೊಂಡು ತಲೆ ತಗ್ಗಿಸಿ ನಿಂತಿದ್ದ. ಖೇಮಾಭಾಯಿ ಅವನನ್ನೇ ನೋಡಿದ. ಉಸ್ತಾದ್ ತಲೆ ಎತ್ತಲಿಲ್ಲ.

ಫರ್ದೂನ್‌ಜಿ ನಿಂತ ಮಗ್ಗಗಳ ಸಾಲನ್ನೊಮ್ಮೆ ನೋಡಿದ. ನಿಜ ಒಂದು ಕಡೆ, ಖಾಕಿ ಒಂದು ಕಡೆ. "ಖೇಮಾ, ನೀನು ನಿನ್ನ ಖಾತೆಗೆ ಹೋಗಪ್ಪ," ಎಂದ. ಖೇಮಾಭಾಯಿ ಹೊಸಿಲು ದಾಟುವುದರೊಳಗೆ ಹಿಂದೆ ಮಗ್ಗಗಳು ಒಂದೊಂದಾಗಿ ಶುರುವಾದವು. ಪಟ್ಟಿಯ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಅಂದು ಸಂಜೆ ಮನೆಗೆ ಬಂದು, ನನ್ನ ಬಾಯಿ ಬೇಡ ಅಂತಿದ್ರು, ಬಾಯಿ ತೆಗೆದಿಟ್ಟು ಹೋದೆ, ಆಗ ಕೈ ಬೇಡ ಅಂದ್ರು ಎಂದು ಅವನು ಮೋಂಘಿಯ ಮುಂದೆ ಅತ್ತ. ಮೋಂಘಿ ಪಕ್ಕದಲ್ಲಿ ಬಂದು ಕೂತಳು.

ಗಡಿಬಿಡಿಯಲ್ಲಿ ಕೊಕ್ಕೆ ಅಂಬಾಲಾಲನ ಮಗ್ಗದ ಮೇಲೇ ಉಳಿದಿತ್ತು. ಬಯ್ದದ್ದು ಬಯ್ದದ್ದೇ, ಕೊಕ್ಕೆಯನ್ನು ಅವನು ಎಸೆಯಲಿಲ್ಲ. ನೀರಿಗೆ ಹಾಕಿ ತೆಗೆದು ಜೇಬಿನಲ್ಲಿಟ್ಟುಕೊಂಡ. ತಂತಿಗೆ ನೀರು ಏನೂ ಮಾಡುವುದಿಲ್ಲವಲ್ಲ. ಅವನದನ್ನು ನೋಡಿ ಪಕ್ಕದವನು ಒಂದು ಮಾಡಿಕೊಂಡ, ಅವನದನ್ನು ನೋಡಿ ಇನ್ನೊಬ್ಬ. ವರ್ಷ ಕಳೆಯುವುದರಲ್ಲಿ ಇಡೀ ಖಾತೆಯಲ್ಲಿ ಲಾಳಿಗೆ ಬಾಯಿಡುವವನು ಒಬ್ಬನೂ ಉಳಿಯಲಿಲ್ಲ. ವಣಕರರನ್ನು ಒಳಗೆ ಬಿಡದಿರುವುದಕ್ಕೆ ಇದ್ದ ಕಾರಣ ಹೋಯಿತು. ಕಾರಣ ಹೋದರೇನು, ಬಾಗಿಲು ಹಾಗೆಯೇ ಇತ್ತು. ಈಗ ನೀರಿನ ಮಡಕೆ ಅಡ್ಡ ಬಂತು. ಯೂನಿಯನ್ನಿನವರು ಇದು ಬಹಳ ಸೂಕ್ಷ್ಮದ ವಿಚಾರ ಎಂದು ತಲೆಯಾಡಿಸಿದರು.

ಗುಲಾಮ್ ನಬಿ ಮಾತ್ರ ಸಾಯುವ ಮುಂಚಿನ ಚಳಿಗಾಲದಲ್ಲಿ ಒಂದು ಮಧ್ಯಾಹ್ನ ಗೋಮತಿಪುರದ ಚಾಳಿಗೆ ಕೆಮ್ಮುತ್ತ ಬಂದ. ಕೇಳದೆಯೇ ಮಡಕೆಯಿಂದ ನೀರು ಬಗ್ಗಿಸಿ ಕುಡಿದ. ಅವತ್ತು ನಾನು ನೋಡಿದ್ದೆ ಎಂದ. ಗೊತ್ತು ಉಸ್ತಾದ್ ಎಂದ ಖೇಮಾಭಾಯಿ. ಅವನನ್ನು ಕ್ಷಮಿಸಿದೆನೋ ಇಲ್ಲವೋ ಎಂದು ಖೇಮಾಭಾಯಿಗೆ ಕೊನೆಗೂ ತಿಳಿಯಲಿಲ್ಲ. ಹೆಣಕ್ಕೆ ಹೆಗಲು ಕೊಡಲು ಮಾತ್ರ ಹೋದ.

ಸ್ವಾತಂತ್ರ್ಯ ಬಂತು, ಆಮೇಲೆ ಎಂಟು ವರ್ಷಕ್ಕೆ ಕಾಯಿದೆ ಬಂತು. ಮುಟ್ಟುವುದಿಲ್ಲ ಎಂದರೆ ಜೈಲು. ನೇಯ್ಗೆ ಖಾತೆಗೆ ಕೊನೆಗೂ ಇಬ್ಬರು ವಣಕರರನ್ನು ತೆಗೆದುಕೊಂಡರು. ಒಬ್ಬ ಖೇಮಾಭಾಯಿಯ ಅಳಿಯ ಬೇಚರ್, ರತನ್‌ಳ ಗಂಡ. ಅದೇ ವರ್ಷ ಖೇಮಾಭಾಯಿ ನಿವೃತ್ತನಾದ. ಮೊದಲ ದಿನದ ಕೆಲಸ ಮುಗಿಸಿ ಬಂದ ಬೇಚರ್, ಮುಕದ್ದಮ ಕೊಟ್ಟ ಸಾಮಾನುಗಳನ್ನು ಮಾವನ ಮುಂದೆ ಹರಡಿದ. ಕತ್ತರಿ, ಬಾಚಣಿಗೆ, ಒಂದು ಕೊಕ್ಕೆ.

"ಇದೇನು?" ಎಂದ ಖೇಮಾಭಾಯಿ.

"ಅಂಬಾಲಾಲ್ ಕೊಕ್ಕೆ ಅಂತಾರೆ ಮಾವ. ಅಂಬಾಲಾಲ್ ಪಟೇಲ್ ಅಂತ ಒಬ್ರಿದಾರೆ, ಅವರು ಕಂಡುಹಿಡಿದಿದ್ದಂತೆ."

ಒಲೆಯ ಮುಂದಿದ್ದ ಮೋಂಘಿ ಎದ್ದು ಬಂದು ಅಂಬಾಲಾಲನ ವಂಶವನ್ನೆಲ್ಲ ನೆನೆಸಿಕೊಂಡಳು. ಬೇಚರ್ ಪಿಳಿಪಿಳಿ ನೋಡಿದ. ಖೇಮಾಭಾಯಿ ಕೊಕ್ಕೆಯನ್ನು ಬೆಳಕಿಗೆ ಹಿಡಿದಿದ್ದ. ಒಬ್ಬರದನ್ನು ನೋಡಿ ಒಬ್ಬರು ಮಾಡುತ್ತ ಹದಿನೈದು ವರ್ಷದಲ್ಲಿ ಬಾಗು ಎಡದಿಂದ ಬಲಕ್ಕೆ ಬಂದುಬಿಟ್ಟಿತ್ತು. ಇದರಲ್ಲಿ ನೂಲು ಹತ್ತಕ್ಕೊಮ್ಮೆ ಹರಿಯದಿದ್ದರೆ ಕೇಳು ಎಂದು, ಇಕ್ಕಳದಲ್ಲಿ ತಿರುಗಿಸಿ, ಕಲ್ಲಿಗೆ ತೇದು ಕೊಟ್ಟ.

ಮರುದಿನ ಬೇಚರನ ಮಗ್ಗ ನಿಲ್ಲದೆ ಓಡಿತು. ಅಳತೆಯ ಮೇಲೆ ಕೂಲಿ ಪಡೆಯುವವರ ಕಣ್ಣಿಗೆ ಇಂಥದ್ದು ಬೇಗ ಬೀಳುತ್ತದೆ. ಸಂಜೆ ಬೇಚರ್ ಇನ್ನೂ ನಾಲ್ಕು ಕೊಕ್ಕೆ ಜೇಬಿನಲ್ಲಿ ಹಾಕಿಕೊಂಡು ಬಂದ, ಇವನ್ನೂ ಸರಿಮಾಡಬೇಕಂತೆ ಎಂದ. ಖೇಮಾಭಾಯಿ ಮುಟ್ಟಲಿಲ್ಲ.

"ವಾಪಸ್ ಕೊಡು," ಎಂದ. "ಯಾರಿಗೆ ಬೇಕೋ ಅವರು ಇಲ್ಲಿಗೆ ಬರ್ಲಿ. ಬಂದು ಕೂತು, ನಮ್ಮನೇ ನೀರು ಕುಡೀಲಿ. ಮಾಡ್ಕೊಡ್ತೀನಿ."

ಮಾವನಿಗೆ ತಲೆ ತಿರುಗಿದೆ, ನನ್ನ ಕೆಲಸಕ್ಕೆ ಕಲ್ಲು ಹಾಕುತ್ತಾರೆ ಎಂದು ಬೇಚರ್ ರತನ್‌ಳ ಹತ್ತಿರ ಗೊಣಗಿದ. ಮೊದಲ ವಾರ ಯಾರೂ ಬರಲಿಲ್ಲ. ಎರಡನೇ ವಾರ ಹೊಸದಾಗಿ ಸೇರಿದ ಪಟೇಲರ ಹುಡುಗರಿಬ್ಬರು ಬಂದು, ಒಬ್ಬರ ಮುಖ ಒಬ್ಬರು ನೋಡಿಕೊಂಡು ನೀರು ಕುಡಿದು ಹೋದರು. ಆಮೇಲೆ ಬರುವವರು ಹೆಚ್ಚಿದರು. ಮೋಂಘಿ ಹೊಸ ಮಡಕೆ ಕೊಂಡಳು.

ಅಂಬಾಲಾಲ್ ಬಂದದ್ದು ಎರಡು ತಿಂಗಳ ಮೇಲೆ. ವರ್ಷಗಟ್ಟಲೆ ಬಾಯಿಯಲ್ಲಿ ನೂಲೆಳೆದದ್ದಕ್ಕೆ ಮುಂದಿನ ಹಲ್ಲೆರಡು ಎಂದೋ ಹೋಗಿದ್ದವು. ಮಂಚದ ತುದಿಯಲ್ಲಿ ಕೂತ. ಮೋಂಘಿ ಲೋಟ ತಂದು ಕೈಗೆ ಕೊಟ್ಟಳು. ಅವನು ಅದನ್ನು ಹಿಡಿದುಕೊಂಡೇ ಕೂತಿದ್ದ.

"ಇವತ್ತು ಏಕಾದಶಿ," ಎಂದ.

"ನೀರೂ ಕುಡೀದ ಏಕಾದಶಿ ವರ್ಷಕ್ಕೆ ಒಂದೇ," ಎಂದಳು ಮೋಂಘಿ. "ಅದು ಹೋದ ತಿಂಗಳೇ ಆಯ್ತು."

ಖೇಮಾಭಾಯಿ ನಗಲಿಲ್ಲ. "ನೀರು ಕುಡಿದ್ರೆ ಲಾಳಿ ಕೆಡುತ್ತೆ, ಅಂಬಾಲಾಲ್ ಭಾಯಿ," ಎಂದ. "ಮನುಷ್ಯ ಕೆಡಲ್ಲ."

ಹೊರಗೆ ನಲ್ಲಿಯಲ್ಲಿ ಯಾರದೋ ಬಿಂದಿಗೆ ತುಂಬುತ್ತಿತ್ತು. ಅದು ತುಂಬಿ ಚೆಲ್ಲುವವರೆಗೂ ಅಂಬಾಲಾಲ್ ಲೋಟವನ್ನು ಕೈಯಲ್ಲಿ ತಿರುಗಿಸುತ್ತಿದ್ದ.

"ನಾಲ್ಕನ್ನೂ ನೀರಿಗೆ ಹಾಕಿದ್ದೆ," ಎಂದ ಕೊನೆಗೆ. "ಮರ ಉಬ್ಬುತ್ತೆ ಅಂತ ಗೊತ್ತಿರ್ಲಿಲ್ಲ ಖೇಮಾಭಾಯಿ. ನಾನು ಹೊಲದೋನು. ನೇಕಾರ ಆಗಿದ್ರೆ ಗೊತ್ತಿರೋದು."

ಲೋಟ ಎತ್ತಿ ಕುಡಿದ. ಎತ್ತಿ ಹೊಯ್ದುಕೊಳ್ಳದೆ, ಅಂಚಿಗೆ ತುಟಿಯಿಟ್ಟೇ ಕುಡಿದ. ಹಲ್ಲು ಹೋದ ಸಂದಿಯಿಂದ ಸ್ವಲ್ಪ ನೀರು ಅಂಗಿಯ ಮೇಲೆ ಇಳಿಯಿತು. ಖಾಲಿ ಲೋಟ ಕೆಳಗಿಟ್ಟು ಜೇಬಿನಿಂದ ಕೊಕ್ಕೆ ತೆಗೆದುಕೊಟ್ಟ.

ಖೇಮಾಭಾಯಿ ಅದನ್ನು ಬೆಳಕಿಗೆ ಹಿಡಿದ. ಬಾಗು ಎಡಕ್ಕೇ ಇತ್ತು. ಹಿಡಿಯ ಹತ್ತಿರ ಕೊಡೆಯ ಕರಿ ಬಣ್ಣ ಇನ್ನೂ ಅಷ್ಟಿಷ್ಟು ಉಳಿದಿತ್ತು. ತುದಿ ಮಾತ್ರ ಸವೆದು ಮೊಂಡಾಗಿತ್ತು.

"ಇದು ನಂದು," ಎಂದು ಅದನ್ನು ತನ್ನ ಜೇಬಿಗೆ ಹಾಕಿಕೊಂಡ. ಆಮೇಲೆ ಅಂಬಾಲಾಲನಿಗೆ ಹೊಸದೊಂದನ್ನು ಮಾಡಿಕೊಡಲು ಗೂಡಿನಲ್ಲಿ ತಂತಿ ಹುಡುಕಿದ.